ಮಂಜು, ಮಳೆಯ ದಿನಗಳಿಗೆ ಎಂಥ ಸೈಕಲ್ ಟೈರ್?

ಡಿಸೆಂಬರ್ ತಿಂಗಳ ಒಂದು ಮುಂಜಾನೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಲಿನ ಹಿಪ್ಪುನೇರಳೆ ತೋಟಗಳ ಮೇಲೆ ಮಂಜು ಕವಿದಿದೆ. ಡಾಂಬರು ರಸ್ತೆ ಇಬ್ಬನಿಯಿಂದ ಒದ್ದೆಯಾಗಿದೆ. ತೋಟದಿಂದ ಬಂದ ಟ್ರ್ಯಾಕ್ಟರ್ ಉದುರಿಸಿದ ಕೆಮ್ಮಣ್ಣು ತಿರುವಿನಲ್ಲಿ ತೆಳ್ಳಗೆ ಹರಡಿ ಜಾರುತ್ತಿದೆ. ಶಾಲೆಗೆ ಹೊರಟ ಹುಡುಗಿಯೊಬ್ಬಳ ಸೈಕಲ್ ಅಲ್ಲಿ ಸರ್ರನೆ ಜಾರುತ್ತದೆ. ನೋಡಿದವರು, “ಟೈರ್ ಸವೆದಿದೆ, ಒಳ್ಳೆ ಗೀರುಗಳಿರುವ ಟೈರ್ ಹಾಕಿಸಬೇಕು” ಎನ್ನುತ್ತಾರೆ. ಈ ಮಾತು ಎಷ್ಟು ಸರಿ?

2006-07ರಿಂದ ಹಲವು ವರ್ಷ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಿದುದು ನಿಮಗೆ ಗೊತ್ತಿದೆ. ಇಂದಿಗೂ ಅನೇಕ ಮಕ್ಕಳು ಸೈಕಲ್ಲಿನಲ್ಲೇ ಶಾಲೆಗೆ ಬರುತ್ತಾರೆ. ಆದ್ದರಿಂದ ಇದು ಪಾಠದ ವಿಷಯ ಮಾತ್ರವಲ್ಲ, ಕೈಕಾಲು ಉಳಿಸಿಕೊಳ್ಳುವ ವಿಷಯವೂ ಹೌದು.

ಚಳಿಗಾಲದ ಟೈರ್ ನಮಗೆ ಬೇಕೆ?

ಹಿಮ ಬೀಳುವ ದೇಶಗಳಲ್ಲಿ ‘ಚಳಿಗಾಲದ ಟೈರ್’ ಎಂಬ ಬೇರೆಯೇ ಟೈರ್ ಇದೆ. ಫಿನ್‌ಲೆಂಡ್‌ನ ನೋಕಿಯಾ ಪಟ್ಟಣದ ಕಾರ್ಖಾನೆಯೊಂದು 1934ರಲ್ಲಿ ಲಾರಿಗಳಿಗೆಂದು ಇಂಥ ಟೈರ್ ತಯಾರಿಸಿತು. ಈಗ ಸೈಕಲ್ಲಿಗೂ ಅಂಥವು ಸಿಗುತ್ತವೆ. ಮಂಜುಗಡ್ಡೆಯನ್ನು ಕಚ್ಚಿ ಹಿಡಿಯಲು ಅವುಗಳಲ್ಲಿ ಗಟ್ಟಿ ಲೋಹದ ಮೊಳೆಗಳಿರುತ್ತವೆ. ರಬ್ಬರ್ ತಣಿದಷ್ಟೂ ಬಿರುಸಾಗುತ್ತದೆ, ರಸ್ತೆಯ ಉಬ್ಬುತಗ್ಗುಗಳಿಗೆ ಒಗ್ಗುವುದಿಲ್ಲ. ಅದಕ್ಕೇ ಚಳಿಗಾಲದ ಟೈರಿಗೆ ಚಳಿಯಲ್ಲೂ ಮೃದುವಾಗಿರುವ ರಬ್ಬರ್ ಮಿಶ್ರಣ ಬಳಸುತ್ತಾರೆ. ಹವೆಯ ತಾಪ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಇವನ್ನು ಹಾಕಿಸಬೇಕೆಂಬುದು ಯೂರೋಪಿನ ವಾಹನ ಸವಾರರ ರೂಢಿ.

ನಮ್ಮ ಸಮೀಪದ ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು! ಬಯಲುಸೀಮೆಯ ಹಳ್ಳಿಗಳಲ್ಲಿ ಚಳಿ ತುಸು ಹೆಚ್ಚಿದ್ದರೂ ಸಾಮಾನ್ಯ ಟೈರ್ ಬಿರುಸಾಗುವಷ್ಟು ಅಲ್ಲ. ನಮ್ಮ ಸವಾರನ ಶತ್ರು ಚಳಿಯಲ್ಲ. ನೀರು ಮತ್ತು ಮಣ್ಣು.

ಗೀರುಗಳು ಯಾತಕ್ಕೆ?

ಕಾರಿನ ಟೈರ್ ಅಗಲ, ವೇಗ ಹೆಚ್ಚು. ನಿಂತ ನೀರಿನ ಮೇಲೆ ಅದು ವೇಗವಾಗಿ ಹಾದಾಗ ನೀರಿಗೆ ಪಕ್ಕಕ್ಕೆ ಸರಿಯಲು ಸಮಯ ಸಿಗದೆ, ಟೈರ್ ನೀರಿನ ಮೇಲೆ ತೇಲುತ್ತದೆ. ನೀರು ಹರಿದುಹೋಗಲೆಂದೇ ಕಾರಿನ ಟೈರಿಗೆ ಆಳವಾದ ಗೀರುಗಳಿವೆ. ವಿಮಾನಗಳ ಚಕ್ರಗಳಿಗಾಗಿ ಅಮೆರಿಕದ ನಾಸಾ ವಿಜ್ಞಾನಿಗಳು 1963ರಲ್ಲಿ ಒಂದು ಸರಳ ಸೂತ್ರ ಪ್ರಕಟಿಸಿದರು: ಟೈರ್ ತೇಲಲಾರಂಭಿಸುವ ವೇಗ (ನಾಟ್‌ಗಳಲ್ಲಿ) = 9 × √ಟೈರಿನ ಒತ್ತಡ (ಚದರ ಅಂಗುಲಕ್ಕೆ ಪೌಂಡ್‌ಗಳಲ್ಲಿ).

ಇದನ್ನು ಸೈಕಲ್ಲಿಗೆ ಅನ್ವಯಿಸೋಣ. ಗಾಳಿ ಸ್ವಲ್ಪ ಕಡಿಮೆಯಿರುವ ಟೈರಿನ ಒತ್ತಡ 36 ಪೌಂಡ್ ಎನ್ನಿ. 9 × 6 = 54 ನಾಟ್, ಅಂದರೆ ಗಂಟೆಗೆ ಸುಮಾರು 100 ಕಿ.ಮೀ. ಆ ವೇಗದಲ್ಲಿ ಶಾಲೆಗೆ ಹೋಗುವವರಾರು? ಮೇಲಾಗಿ ಸೈಕಲ್ ಟೈರ್ ಕಿರಿದು, ದುಂಡು. ದೋಣಿಯ ಮೂತಿಯಂತೆ ನೀರನ್ನು ಸೀಳುತ್ತದೆ. ಆದುದರಿಂದ ಡಾಂಬರು ರಸ್ತೆಯಲ್ಲಿ ಸೈಕಲ್ ಟೈರಿಗೆ ಆಳವಾದ ಗೀರು ಬೇಕಿಲ್ಲ. ಗೀರು ಹೆಚ್ಚಿದಷ್ಟೂ ರಸ್ತೆಗೆ ತಾಗುವ ರಬ್ಬರ್ ಕಡಿಮೆ. ಮೆತ್ತನೆಯ ಮಣ್ಣು ದಾರಿಯಲ್ಲಿ ಮಾತ್ರ ದಪ್ಪ ಗುಬುಟುಗಳು ಮಣ್ಣಿನೊಳಗೆ ಇಳಿದು ಹಿಡಿತ ಕೊಡುತ್ತವೆ.

ಹಾಗಾದರೆ ಸವೆದ ಟೈರ್ ಇದ್ದರೂ ಆದೀತೆ? ಖಂಡಿತ ಇಲ್ಲ. ನುಣುಪಾಗಿಯೇ ತಯಾರಾದ ಹೊಸ ಟೈರ್ ಬೇರೆ, ಸವೆದು ನುಣುಪಾದ ಹಳೆಯ ಟೈರ್ ಬೇರೆ. ಬಿಸಿಲು, ಗಾಳಿಗೆ ಹಳೆಯ ರಬ್ಬರ್ ಬಿರುಸಾಗಿ ಬಿರುಕು ಬಿಟ್ಟಿರುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿತ ಹುಟ್ಟುವುದು ಮೃದು ರಬ್ಬರ್ ಜಲ್ಲಿಯ ಮೊನೆಗಳ ಸುತ್ತ ತಗ್ಗಿ, ಮತ್ತೆ ಚೇತರಿಸಿಕೊಳ್ಳುವುದರಿಂದ. ಬಿರುಸು ರಬ್ಬರ್ ಇದನ್ನು ಮಾಡಲಾರದು. ಒಳಗಿನ ದಾರ ಕಾಣುವಂತಿದ್ದರೆ ಟೈರ್ ಸಿಡಿಯುವ ಅಪಾಯವೂ ಇದೆ.

ತಿರುವಿನ ಲೆಕ್ಕ

ತಿರುವಿನಲ್ಲಿ ಸೈಕಲ್ ಜಾರದಿರಲು ಬೇಕಾದ ಕನಿಷ್ಠ ಘರ್ಷಣಾಂಕ v²/rg. ತಿರುವಿನ ತ್ರಿಜ್ಯ 6 ಮೀಟರ್, ವೇಗ ಗಂಟೆಗೆ 18 ಕಿ.ಮೀ. (ಸೆಕೆಂಡಿಗೆ 5 ಮೀಟರ್) ಆದರೆ 25 ÷ (6 × 9.8) = 0.43. ಒಣ ಡಾಂಬರಿನ ಮೇಲೆ ರಬ್ಬರಿನ ಘರ್ಷಣಾಂಕ ಸುಮಾರು 0.7, ಚಿಂತೆಯಿಲ್ಲ. ಒದ್ದೆ ಮಣ್ಣಿನ ಪದರದಿಂದ ಅದು 0.3ಕ್ಕೆ ಇಳಿಯಿತು ಎಂದುಕೊಳ್ಳಿ, ಸೈಕಲ್ ಜಾರಲೇಬೇಕು. ಅದೇ ತಿರುವನ್ನು 12 ಕಿ.ಮೀ. ವೇಗದಲ್ಲಿ ಹಾದರೆ 0.19 ಸಾಕು. ವೇಗ ಮೂರನೆಯ ಒಂದು ಪಾಲು ತಗ್ಗಿದರೆ ಬೇಕಾದ ಹಿಡಿತ ಅರ್ಧಕ್ಕಿಂತ ಕಡಿಮೆಯಾಗುತ್ತದೆ! ಯಾವ ಟೈರೂ ಇಷ್ಟು ಲಾಭ ಕೊಡಲಾರದು.

ಗಾಳಿಯ ಪಾತ್ರ

ಮಧ್ಯಾಹ್ನ 32 ಡಿಗ್ರಿ ತಾಪದಲ್ಲಿ 50 ಪೌಂಡ್ ಗಾಳಿ ಹೊಡೆಸಿದಿರಿ. ಮುಂಜಾನೆ ತಾಪ 14 ಡಿಗ್ರಿ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿರುತ್ತದೆ. ವಾಯುಮಂಡಲದ 14.7 ಪೌಂಡ್ ಕೂಡಿಸಿ, 64.7 × 287/305 = 60.9, ಮತ್ತೆ 14.7 ಕಳೆದರೆ 46.2. ಅಂದರೆ ಪಂಕ್ಚರ್ ಇಲ್ಲದೆಯೂ ಸುಮಾರು 4 ಪೌಂಡ್ ಇಳಿದಿರುತ್ತದೆ. ಕಲ್ಲಿನಂತೆ ಬಿಗಿದ ಟೈರ್ ಒರಟು ರಸ್ತೆಯಲ್ಲಿ ಕುಪ್ಪಳಿಸಿ ಹಿಡಿತ ಕಳೆದುಕೊಳ್ಳುತ್ತದೆ. ತೀರಾ ಸಡಿಲವಾದರೆ ತಿರುವಿನಲ್ಲಿ ಹೊರಳಾಡುತ್ತದೆ. ಪಕ್ಕೆಯ ಮೇಲೆ ಮುದ್ರಿಸಿರುವ ಮಿತಿಯೊಳಗೆ, ಮಳೆಯ ದಿನಗಳಲ್ಲಿ ಸ್ವಲ್ಪ ಕಡಿಮೆ ಇಡುವುದು ಲೇಸು. ಅಗಲವಾದ ಟೈರಿನಲ್ಲಿ ಹೀಗೆ ಒತ್ತಡ ತಗ್ಗಿಸುವುದು ಸುಲಭ.

ಟೈರ್ ಕೊಳ್ಳುವಾಗ

ಹಳೆಯ ಟೈರಿನ ಪಕ್ಕೆಯಲ್ಲಿ 40-635 ಅಥವಾ 28-622 ಎಂಬಂಥ ಸಂಖ್ಯೆ ಇರುತ್ತದೆ. ಮೊದಲಿನದು ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರ್ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರ್‌ಗಳಲ್ಲಿ. ಎರಡನೆಯ ಸಂಖ್ಯೆ ಬದಲಾಗಕೂಡದು. ಫೋರ್ಕ್ ಮತ್ತು ಮಡ್‌ಗಾರ್ಡಿಗೆ ಉಜ್ಜದಿದ್ದರೆ, ರಿಮ್ಮಿಗೆ ಹೊಂದುವುದಾದರೆ ಅಗಲ ತುಸು ಹೆಚ್ಚಿರಲಿ. ಉಗುರಿನಿಂದ ಒತ್ತಿ ನೋಡಿ, ರಬ್ಬರ್ ಮೃದುವಾಗಿರಲಿ. ಎರಡರಲ್ಲಿ ಒಂದನ್ನಷ್ಟೇ ಕೊಳ್ಳಲು ಹಣವಿದ್ದರೆ ಹೊಸದನ್ನು ಮುಂದಿನ ಚಕ್ರಕ್ಕೆ ಹಾಕಿಸಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದಂತೆಯೇ.

ಮಾಡಿ ನೋಡಿ

ಸೈಕಲ್ ಶಾಪಿನಿಂದ ಹಳೆಯ ಮತ್ತು ಹೊಸ ಟೈರಿನ ತುಂಡುಗಳನ್ನು ತನ್ನಿ. ತುಂಡನ್ನು ಇಟ್ಟಿಗೆಯ ಅಡಿಗೆ ಕಟ್ಟಿ, ಸ್ಪ್ರಿಂಗ್ ತ್ರಾಸಿನಿಂದ ಸಿಮೆಂಟ್ ನೆಲದ ಮೇಲೆ ಎಳೆಯಿರಿ. ತ್ರಾಸು ತೋರುವ ಬಲವನ್ನು ಇಟ್ಟಿಗೆಯ ತೂಕದಿಂದ ಭಾಗಿಸಿದರೆ ಘರ್ಷಣಾಂಕ ದೊರೆಯುತ್ತದೆ. ಒಣ ನೆಲ, ಒದ್ದೆ ನೆಲ, ಕೆಸರು ಬಳಿದ ನೆಲ – ಮೂರರಲ್ಲೂ ಅಳೆದು ಪಟ್ಟಿ ಮಾಡಿ. ಆ ಪಟ್ಟಿಯನ್ನು ಸೈಕಲ್ ನಿಲ್ಲಿಸುವ ಜಾಗದಲ್ಲೇ ತೂಗುಹಾಕಿ. ಮರುದಿನ ಮುಂಜಾನೆ ಮಂಜಿನಲ್ಲಿ ತಿರುವು ಬಂದಾಗ ಮಕ್ಕಳಿಗೆ ಅದು ನೆನಪಾಗಲಿ.