ಪಿಂಚಣಿಯು ದಾನವಲ್ಲ: ಅವಧಿಗೆ ಮುನ್ನ ನಿವೃತ್ತರಾಗುವವರ ಹಕ್ಕುಬಾಧ್ಯತೆಗಳು

ಸರ್ಕಾರಿ ನೌಕರನಿಗೆ ಮುಪ್ಪಿನಲ್ಲಿ ಸಲ್ಲುವ ಪಿಂಚಣಿಯು ಒಡೆಯನ ಕೃಪೆಯೋ ದುಡಿದವನ ಸ್ವತ್ತೋ ಎಂಬ ಪ್ರಶ್ನೆಯು ನಮ್ಮ ದೇಶದಲ್ಲಿ ಬಹುಕಾಲ ಇತ್ಯರ್ಥವಾಗದೆ ಉಳಿದಿದ್ದಿತು. ಪರಕೀಯರ ಆಳ್ವಿಕೆಯಲ್ಲಿ ಹುಟ್ಟಿದ 1871ರ ಪಿಂಚಣಿ ಕಾಯಿದೆಯು ಸಾಲ ಕೊಟ್ಟವನು ಪಿಂಚಣಿಯನ್ನು ಜಪ್ತಿ ಮಾಡಿಸದಂತೆ ತಡೆಯಿತು. ಆದರೆ ಸರ್ಕಾರವೇ ಅದನ್ನು ಕೊಡದೆ ಹೋದರೆ, ಅಧಿಕಾರಿಯ ಅಪ್ಪಣೆಪತ್ರವಿಲ್ಲದೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವಂತಿರಲಿಲ್ಲ. ಅನ್ಯರಿಂದ ರಕ್ಷಣೆಯುಂಟು, ಕೊಡತಕ್ಕವನಿಂದ ಮಾತ್ರ ಇಲ್ಲವೆಂಬಂತಹ ವಿಚಿತ್ರ ಸ್ಥಿತಿ ಅದಾಗಿದ್ದಿತು.

ಸ್ವರಾಜ್ಯ ಬಂದ ಮೇಲೆ ಈ ಸಂಗತಿಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಪಿಂಚಣಿಯು ಸರ್ಕಾರದ ಮರ್ಜಿಯನ್ನು ಅವಲಂಬಿಸಿದ ದಾನವಲ್ಲ, ಅದು ನೌಕರನ ಆಸ್ತಿ ಎಂದು ದೇವಕಿನಂದನ ಪ್ರಸಾದ್ ಮೊಕದ್ದಮೆಯಲ್ಲಿ 1971ರಲ್ಲಿ ತೀರ್ಪಾಯಿತು. 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಇದನ್ನೇ ಮತ್ತಷ್ಟು ದೃಢಪಡಿಸಿತು. ಆ ದಿನವನ್ನು ದೇಶದ ಪಿಂಚಣಿದಾರರು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ.

ಆದರೆ ಹಕ್ಕಿನ ನಿಜವಾದ ಪರೀಕ್ಷೆಯು ಅರವತ್ತು ತುಂಬಿ ಹಾರ ಹಾಕಿಸಿಕೊಂಡು ಮನೆಗೆ ಹೋಗುವವನ ವಿಷಯದಲ್ಲಿ ನಡೆಯುವುದಿಲ್ಲ. ಅವಧಿಗೆ ಮುನ್ನವೇ ಕಚೇರಿಯಿಂದ ಹೊರಬೀಳುವವನ ವಿಷಯದಲ್ಲಿ ನಡೆಯುತ್ತದೆ. ಹಾಗೆ ಹೊರಬೀಳುವ ಬಾಗಿಲುಗಳು ಹಲವುಂಟು. ಯಾವ ಬಾಗಿಲಿನಿಂದ ಹೊರಟನೆಂಬುದರ ಮೇಲೆ ಅವನ ಮುಪ್ಪಿನ ಅನ್ನವು ನಿಂತಿರುತ್ತದೆ. ಇಲ್ಲಿ ಕೇಂದ್ರ ಸರ್ಕಾರದ ನಿಯಮಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ. ರಾಜ್ಯಗಳ ನಿಯಮಗಳಲ್ಲಿ ವರ್ಷಗಳ ಲೆಕ್ಕವು ಬೇರೆಯಾಗಿರುವುದರಿಂದ ಆಯಾ ನೌಕರರು ತಮ್ಮ ನಿಯಮಗಳನ್ನು ಪ್ರತ್ಯೇಕವಾಗಿ ನೋಡಿಕೊಳ್ಳತಕ್ಕದ್ದು.

ಮೊದಲನೆಯದು ಸ್ವಇಚ್ಛೆಯ ನಿವೃತ್ತಿ. ಹಳೆಯ ಪಿಂಚಣಿ ಪದ್ಧತಿಗೆ ಸೇರಿದ ಕೇಂದ್ರ ನೌಕರನು 20 ವರ್ಷಗಳ ಅರ್ಹ ಸೇವೆಯನ್ನು ಮುಗಿಸಿ, ಮೂರು ತಿಂಗಳ ನೋಟೀಸು ಕೊಟ್ಟು ನಿವೃತ್ತನಾಗಬಹುದು. ಇದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕಾದರೂ, ನೋಟೀಸಿನ ಅವಧಿ ಮುಗಿಯುವುದರೊಳಗೆ ಅವನು ನಿರಾಕರಿಸದಿದ್ದರೆ ನಿವೃತ್ತಿಯು ತಾನಾಗಿಯೇ ಜಾರಿಗೆ ಬರುತ್ತದೆ. ಅರ್ಜಿಯನ್ನು ಮೇಜಿನ ಖಾನೆಯಲ್ಲಿ ಮುಚ್ಚಿಟ್ಟು ನೌಕರನನ್ನು ಸತಾಯಿಸಲು ಆಸ್ಪದವಿಲ್ಲ. ಮನಸ್ಸು ಬದಲಾದರೆ ಗೊತ್ತುಪಡಿಸಿದ ದಿನಕ್ಕೆ ಮುಂಚೆ ಅಪ್ಪಣೆ ಪಡೆದು ನೋಟೀಸನ್ನು ಹಿಂತೆಗೆದುಕೊಳ್ಳಬಹುದು. ಸಕಾರಣವಿಲ್ಲದೆ ಈ ಅಪ್ಪಣೆಯನ್ನು ನಿರಾಕರಿಸಲಾಗದೆಂದು ಬಲರಾಮ್ ಗುಪ್ತಾ ಮೊಕದ್ದಮೆಯಲ್ಲಿ 1987ರಲ್ಲಿ ತೀರ್ಮಾನವಾಗಿದೆ.

ಎರಡನೆಯದು ಸರ್ಕಾರವೇ ಕಳುಹಿಸಿಕೊಡುವ ಕಡ್ಡಾಯ ನಿವೃತ್ತಿ. ಮೂಲ ನಿಯಮ 56ರ ಪ್ರಕಾರ, 35 ವಯಸ್ಸಿಗೆ ಮುಂಚೆ ಸೇವೆಗೆ ಸೇರಿದ ಮೇಲಿನ ಎರಡು ವರ್ಗಗಳ ಅಧಿಕಾರಿಗಳನ್ನು 50 ವರ್ಷವಾದ ಮೇಲೂ, ಇತರರನ್ನು 55 ವರ್ಷವಾದ ಮೇಲೂ ಸಾರ್ವಜನಿಕ ಹಿತದ ದೃಷ್ಟಿಯಿಂದ ನಿವೃತ್ತಿಗೊಳಿಸಬಹುದು. ಇದಕ್ಕೆ ಮೂರು ತಿಂಗಳ ನೋಟೀಸನ್ನಾಗಲಿ ಅಷ್ಟು ಕಾಲದ ಸಂಬಳವನ್ನಾಗಲಿ ಕೊಡಬೇಕು. ಇದು ಶಿಕ್ಷೆಯಲ್ಲವೆಂದು ನ್ಯಾಯಾಲಯಗಳು 1954ರಿಂದಲೂ ಹೇಳುತ್ತ ಬಂದಿವೆ. ಶಿಕ್ಷೆಯಲ್ಲವಾದ ಕಾರಣ ವಿಚಾರಣೆಯೂ ಇಲ್ಲ. ಅದೇ ಕಾರಣದಿಂದ, ಗಳಿಸಿದ ಪಿಂಚಣಿಗೆ ಕುಂದೂ ಇಲ್ಲ. ಅಪರಾಧಕ್ಕೆ ದಂಡನೆಯಾಗಿ ವಿಧಿಸುವ ಕಡ್ಡಾಯ ನಿವೃತ್ತಿಯು ಬೇರೆ ಮಾತು. ಅಲ್ಲಿ ಪಿಂಚಣಿಯನ್ನು ಮೂರನೆಯ ಎರಡು ಭಾಗದವರೆಗೆ ಇಳಿಸಬಹುದು. ವಿಚಾರಣೆಯ ಶ್ರಮವನ್ನು ತಪ್ಪಿಸಿಕೊಳ್ಳುವ ಅಡ್ಡದಾರಿಯಾಗಿ ಸಾರ್ವಜನಿಕ ಹಿತದ ನಿಯಮವನ್ನು ಬಳಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಎಚ್ಚರಿಸಿದೆ. ಈ ಎಚ್ಚರಿಕೆಯನ್ನು ಮೇಲಧಿಕಾರಿಗಳು ಸದಾ ನೆನಪಿನಲ್ಲಿಡುವುದು ಒಳ್ಳೆಯದು.

ಮೂರನೆಯದು ರಾಜೀನಾಮೆ. ನಮ್ಮ ವಾಚಕರಲ್ಲಿ ನೌಕರರಾಗಿರುವವರು ಈ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕೆಂದು ನಮ್ಮ ಪ್ರಾರ್ಥನೆ. ರಾಜೀನಾಮೆ ಕೊಟ್ಟವನು ಹಿಂದಿನ ಸೇವೆಯನ್ನೆಲ್ಲ ಕಳೆದುಕೊಳ್ಳುತ್ತಾನೆ. ಅನುಮತಿ ಪಡೆದು ಮತ್ತೊಂದು ಸರ್ಕಾರಿ ಹುದ್ದೆಗೆ ಹೋಗುವುದಕ್ಕಾಗಿ ಕೊಟ್ಟ ರಾಜೀನಾಮೆಗೆ ಮಾತ್ರ ವಿನಾಯಿತಿಯುಂಟು. ಇಪ್ಪತ್ತು ವರ್ಷ ದುಡಿದಿದ್ದರೂ ರಾಜೀನಾಮೆಯು ಸ್ವಇಚ್ಛೆಯ ನಿವೃತ್ತಿಯಾಗಲಾರದು, ಎರಡೂ ಬೇರೆಬೇರೆ ಎಂದು ಸರ್ವೋಚ್ಚ ನ್ಯಾಯಾಲಯವು 2019ರ ಡಿಸೆಂಬರಿನಲ್ಲಿ ಖಂಡಿತವಾಗಿ ಹೇಳಿತು. ಮನೆಯ ಕಷ್ಟದಿಂದಲೋ, ಮೇಲಧಿಕಾರಿಯ ಮೇಲಣ ಸಿಟ್ಟಿನಿಂದಲೋ ಒಂದು ಸಂಜೆ ಬರೆದುಕೊಟ್ಟ ಅರ್ಜಿಯಲ್ಲಿ ‘ನಿವೃತ್ತಿ’ ಎಂಬುದರ ಬದಲು ‘ರಾಜೀನಾಮೆ’ ಎಂದಿದ್ದರೆ, ಅರ್ಧ ಆಯುಷ್ಯದ ಗಳಿಕೆಯು ಆ ಒಂದು ಪದದಿಂದ ಮಣ್ಣುಪಾಲಾಗುತ್ತದೆ. ಪಿಂಚಣಿಯು ಆಸ್ತಿಯೆಂಬುದು ನಿಜವಾದರೆ, ಯಾವ ಅಪರಾಧವನ್ನೂ ಮಾಡದವನ ಆಸ್ತಿಯು ಪದವೊಂದರ ತಪ್ಪಿಗೆ ಮುಟ್ಟುಗೋಲಾಗುವುದು ಯಾವ ನ್ಯಾಯ?

ನಾಲ್ಕನೆಯದು ಅಂಗವೈಕಲ್ಯ. ಸೇವೆಯಲ್ಲಿರುವಾಗ ಅಂಗವಿಕಲನಾದವನನ್ನು ಹೊರದೂಡುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೆಯ ಕಲಮಿನ ಪ್ರಕಾರ, ಅವನಿಗೆ ಅದೇ ಸಂಬಳದ ಬೇರೆ ಹುದ್ದೆಯನ್ನು ಕೊಡಬೇಕು. ಅದಿಲ್ಲವಾದರೆ ತಕ್ಕ ಹುದ್ದೆ ದೊರೆಯುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಕಾಯಿಲೆಯಿಂದ ಕಂಗೆಟ್ಟವನಿಂದ ನಿವೃತ್ತಿಯ ಅರ್ಜಿಯನ್ನು ಬರೆಸಿಕೊಳ್ಳುವ ಮುನ್ನ ಈ ಕಲಮನ್ನು ಅವನಿಗೆ ಓದಿ ಹೇಳುವುದು ಕಚೇರಿಯ ಧರ್ಮವಾಗಿದೆ.

ಇಷ್ಟು ಹಳೆಯ ಪದ್ಧತಿಯ ಮಾತಾಯಿತು. 2004ರ ಜನವರಿ 1ರಿಂದ ಕೇಂದ್ರ ನೌಕರಿಗೆ, 2006ರ ಏಪ್ರಿಲ್ 1ರಿಂದ ಕರ್ನಾಟಕದ ರಾಜ್ಯ ನೌಕರಿಗೆ ಸೇರಿದವರನ್ನು ಹೊಸ ಪಿಂಚಣಿ ಯೋಜನೆಯಲ್ಲಿ ಸೇರಿಸಲಾಯಿತು. ಇಲ್ಲಿ ನಿಶ್ಚಿತ ಪಿಂಚಣಿಯಿಲ್ಲ. ನೌಕರನ ಮತ್ತು ಸರ್ಕಾರದ ವಂತಿಗೆಗಳು ಸೇರಿ ಪೇಟೆಯಲ್ಲಿ ಬೆಳೆದ ನಿಧಿಯೊಂದಿರುತ್ತದೆ. ವಯಸ್ಸು ತುಂಬಿ ನಿವೃತ್ತನಾದವನು ನೂರಕ್ಕೆ 60ರಷ್ಟನ್ನು ನಗದಾಗಿ ಪಡೆದು, 40ರಷ್ಟನ್ನು ವರ್ಷಾಶನಕ್ಕೆ ತೊಡಗಿಸಬೇಕು. ನಡುವೆ ರಾಜೀನಾಮೆ ಕೊಟ್ಟು ಹೋದವನು 80ರಷ್ಟನ್ನು ವರ್ಷಾಶನಕ್ಕೆ ಕಟ್ಟಬೇಕಾಗುತ್ತದೆ.

ನೌಕರರ ಅಸಮಾಧಾನಕ್ಕೆ ಉತ್ತರವಾಗಿ ಕೇಂದ್ರ ಸರ್ಕಾರವು 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯನ್ನು ಜಾರಿಗೆ ತಂದಿತು. 25 ವರ್ಷ ಸೇವೆ ಮಾಡಿದವನಿಗೆ ಕಡೆಯ ಹನ್ನೆರಡು ತಿಂಗಳ ಮೂಲವೇತನದ ಸರಾಸರಿಯಲ್ಲಿ ಅರ್ಧದಷ್ಟು ದೊರೆಯುವುದೆಂಬ ಭರವಸೆಯು ಸ್ವಾಗತಾರ್ಹವೇ ಸರಿ. 20 ವರ್ಷದ ಮೇಲೆ ಸ್ವಇಚ್ಛೆಯಿಂದ ನಿವೃತ್ತನಾದವನಿಗೂ ಪ್ರಮಾಣಾನುಸಾರ ಪಿಂಚಣಿಯುಂಟು. ಆದರೆ ಆ ಪಿಂಚಣಿಯು ಹೊರಟ ದಿನದಿಂದ ಬರುವುದಿಲ್ಲ; ಸೇವೆಯಲ್ಲಿಯೇ ಉಳಿದಿದ್ದರೆ ಎಂದು ನಿವೃತ್ತನಾಗುತ್ತಿದ್ದನೋ ಆ ದಿನದಿಂದ ಬರುತ್ತದೆ. 27ರಲ್ಲಿ ಸೇರಿ 47ರಲ್ಲಿ ಹೊರಟವನು ಗ್ರಾಚ್ಯುಯಿಟಿ ಮೊದಲಾದ ಇಡುಗಂಟುಗಳನ್ನು ಕೈಗೆ ಪಡೆದು, ತಿಂಗಳ ಪಿಂಚಣಿಗಾಗಿ ಹದಿಮೂರು ವರ್ಷ ಕಾಯಬೇಕು. ನಡುವೆ ಅವನು ಮೃತನಾದರೆ ಅಂದಿನಿಂದಲೇ ಅವನ ಪತ್ನಿಗೆ ಕುಟುಂಬ ಪಿಂಚಣಿ ಸಲ್ಲುತ್ತದೆ. ವಿಧವೆಗೆ ಕೊಡುವುದು ನ್ಯಾಯವೇ. ಆದರೆ ಸತ್ತರೆ ಕೂಡಲೇ ದೊರೆಯುವುದು ಬದುಕಿದ್ದವನಿಗೆ ದೊರೆಯದೆಂಬ ವ್ಯವಸ್ಥೆಯನ್ನು ಯಾವ ಗೃಹಸ್ಥನು ತಾನೆ ಒಪ್ಪಿಯಾನು?

ಬೊಕ್ಕಸದ ಪಾಲಕರು ಹೇಳುವ ಮಾತನ್ನು ನಾವು ತಳ್ಳಿಹಾಕುವುದಿಲ್ಲ. 47ರಿಂದಲೇ ಪಿಂಚಣಿ ಕೊಡತೊಡಗಿದರೆ ಅದನ್ನು ಮೂವತ್ತು ನಲವತ್ತು ವರ್ಷ ಹೊರಬೇಕಾದೀತು. ಆ ಭಾರ ಬೀಳುವುದು ತೆರಿಗೆ ಕೊಡುವ ರೈತ, ವ್ಯಾಪಾರಿಗಳ ಮೇಲೆ. ಇದಕ್ಕೆ ಪರಿಹಾರವು ನಮ್ಮ ಕಣ್ಣೆದುರಿಗೇ ಇದೆ. ಕಾರ್ಖಾನೆಯ ಕೆಲಸಗಾರರಿಗೆ ಅನ್ವಯಿಸುವ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆ ಮಾಡಿದವನು 58ರವರೆಗೆ ಕಾಯಬಹುದು. ಇಲ್ಲವೆ 50ರ ಮೇಲೆ ಯಾವಾಗಲಾದರೂ, ಕಡಮೆಯಾದ ಪ್ರತಿ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಕಡಿತಕ್ಕೆ ಒಪ್ಪಿ ಪಿಂಚಣಿಯನ್ನು ಆರಂಭಿಸಿಕೊಳ್ಳಬಹುದು. ಆ ಪಿಂಚಣಿಯ ಮೊತ್ತವು ಅಲ್ಪವೆಂಬುದು ನಿಜ. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿಯೆಂದು ಗೊತ್ತುಮಾಡಲಾಯಿತು. ಆದರೂ ಆಯ್ಕೆಯ ತತ್ತ್ವವು ಸರಿಯಾದುದು. ಅದೇ ತತ್ತ್ವವನ್ನು ಏಕೀಕೃತ ಯೋಜನೆಗೂ ಅಳವಡಿಸಿ, ಬೇಗ ಬೇಕೆನ್ನುವವನಿಗೆ ಕಡಮೆ, ಕಾಯುವವನಿಗೆ ಪೂರ್ಣ ಎಂದು ಗೊತ್ತುಮಾಡಿದರೆ ಬೊಕ್ಕಸಕ್ಕೂ ಹಾನಿಯಿಲ್ಲ, ನೌಕರನಿಗೂ ಉಪವಾಸವಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಮೂರು. ಏಕೀಕೃತ ಯೋಜನೆಯಲ್ಲಿ ಮೇಲೆ ಹೇಳಿದ ಆಯ್ಕೆಯನ್ನು ಕೊಡಬೇಕು. ಪಿಂಚಣಿಗೆ ಬೇಕಾದಷ್ಟು ಸೇವೆ ಮುಗಿಸಿದವನ ರಾಜೀನಾಮೆಯನ್ನು ಸ್ವೀಕರಿಸುವ ಮುನ್ನ, ಅದರ ಪರಿಣಾಮವನ್ನು ಅವನ ಭಾಷೆಯಲ್ಲಿ ಬರೆದು ತಿಳಿಸಿ ಸಹಿ ಪಡೆಯುವುದನ್ನು ಕಡ್ಡಾಯ ಮಾಡಬೇಕು. 18 ವರ್ಷ ಸೇವೆಯಾದಾಗ ಅರ್ಹ ಸೇವೆಯನ್ನು ಪರಿಶೀಲಿಸಿ ನೌಕರನಿಗೆ ಪ್ರಮಾಣಪತ್ರ ಕೊಡಬೇಕೆಂಬ ಈಗಿನ ನಿಯಮವನ್ನು ಕಚೇರಿಗಳು ತಪ್ಪದೆ ಪಾಲಿಸಬೇಕು. ನೌಕರರೂ ಆ ಪತ್ರವನ್ನು ಕೇಳಿ ಪಡೆಯಲು ಸಂಕೋಚಪಡಬಾರದು. ಸರ್ವಿಸ್ ಪುಸ್ತಕದಲ್ಲಿ ಬಿಟ್ಟುಹೋದ ಒಂದು ವರ್ಷವನ್ನು ಸೇವೆಯಲ್ಲಿದ್ದಾಗ ಸರಿಪಡಿಸುವುದು ಗುಮಾಸ್ತನ ಅರ್ಧ ದಿನದ ಕೆಲಸ. ಹೊರಗೆ ಬಂದ ಮೇಲೆ ಅದೇ ಹಲವು ವರ್ಷಗಳ ವ್ಯಾಜ್ಯವಾದೀತು.

ದುಡಿಸಿಕೊಳ್ಳುವಾಗ ಸರ್ಕಾರವು ಒಂದು ದಿನದ ಗೈರುಹಾಜರಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕೊಡುವಾಗಲೂ ಅದೇ ಲೆಕ್ಕದ ನಿಷ್ಠೆಯನ್ನು ತೋರಿಸಬೇಕೆಂದು ಕೇಳುವುದು ಭಿಕ್ಷೆಯಲ್ಲ. ನ್ಯಾಯವಾಗಿ ಸಲ್ಲತಕ್ಕ ಬಾಕಿಯ ಬೇಡಿಕೆಯಷ್ಟೆ.