ಮಾತು ಬಿಡುವುದು, ಬಿಡಿಸುವುದು

ಚಿಕ್ಕಂದಿನಲ್ಲಿ ಜಗಳವಾದರೆ ‘ಠೂ’ ಬಿಡುತ್ತಿದ್ದೆವು. ಸಂಜೆಯೊಳಗೆ ಮತ್ತೆ ಒಂದಾಗುತ್ತಿದ್ದೆವು. ದೊಡ್ಡವರ ‘ಠೂ’ ಅಷ್ಟು ಬೇಗ ಮುಗಿಯುವುದಿಲ್ಲ.

ನಮ್ಮ ಪುಣೆಯಲ್ಲೇ ನಡೆದದ್ದನ್ನು ನೋಡಿ. 1890ರ ಅಕ್ಟೋಬರಿನಲ್ಲಿ ಪಂಚಹೌದ್ ಮಿಶನ್ನಿನ ಪಾದ್ರಿಗಳು ಊರ ಗಣ್ಯರನ್ನು ಕರೆದು ಚಹಾ ಕೊಟ್ಟರು. ರಾನಡೆಯವರೂ ತಿಲಕರೂ ಹೋಗಿದ್ದರು. ಡಾ. ಆನಂದಿಬಾಯಿಯವರ ಪತಿ ಗೋಪಾಳರಾವ್ ಜೋಶಿ, ಹೋದವರ ಹೆಸರುಗಳನ್ನೆಲ್ಲ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಸನಾತನಿಗಳು ಕೆರಳಿದರು. ‘ಗ್ರಾಮಣ್ಯ’ವೆಂಬ ಬಹಿಷ್ಕಾರದ ವಿಚಾರ ಶಂಕರಾಚಾರ್ಯರವರೆಗೂ ಹೋಯಿತು. ಸುಧಾರಕರಾದ ರಾನಡೆಯವರೇ 1892ರಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರು. ತಮಗಾಗಿ ಅಲ್ಲ, ಕಷ್ಟಕ್ಕೆ ಸಿಕ್ಕ ಸ್ನೇಹಿತರಿಗಾಗಿ.

ಅಂಥ ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರ 2016ರಲ್ಲಿ ಕಾನೂನು ಮಾಡಿತು. 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಅರಿಶಿನ-ಕುಂಕುಮಕ್ಕೆ ಕರೆಯದಿದ್ದರೆ ಯಾವ ಪೊಲೀಸರೂ ಬರುವುದಿಲ್ಲ.

ನಮ್ಮ ಭಜನಾ ಮಂಡಳಿಯಲ್ಲಿ ಲೆಕ್ಕದ ವಿಷಯಕ್ಕೆ ಇಬ್ಬರಿಗೆ ಮನಸ್ತಾಪವಾಯಿತು. ಒಬ್ಬರು ಹೇಳಿದರೆಂದು ಉಳಿದವರೆಲ್ಲ ಇನ್ನೊಬ್ಬರೊಡನೆ ಮಾತು ನಿಲ್ಲಿಸಿದೆವು. ಆಕೆಯ ಮೇಲೆ ನನಗೆ ಯಾವ ಕೋಪವೂ ಇರಲಿಲ್ಲ. ಆದರೂ ತರಕಾರಿ ಅಂಗಡಿಯಲ್ಲಿ ಆಕೆ ನಕ್ಕಾಗ ನಾನು ಮುಖ ತಿರುಗಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನೋಯಿಸುವವರೊಡನೆ ಮಾತು ಬಿಡುವುದು ಅವರವರ ಇಷ್ಟ. ಫೋನಿನಲ್ಲಿ ಬ್ಲಾಕ್ ಮಾಡಿದರೂ ತಪ್ಪೇನಿಲ್ಲ. ಆದರೆ ಹತ್ತು ಜನರಿಂದ ಮಾತು ಬಿಡಿಸುವುದು ಬೇರೆ. ಕೇಳಿ ಬಿಡುವವರೂ ಅದರಲ್ಲಿ ಪಾಲುದಾರರೇ.

ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಿಡಿದು ಆಕೆಯ ಮನೆಗೆ ಹೋದೆ. ಬಾಗಿಲು ತೆರೆದು ಕ್ಷಣಕಾಲ ಸುಮ್ಮನೆ ನಿಂತರು. ಆಮೇಲೆ, “ಒಳಗೆ ಬನ್ನಿ, ಚಹಾ ಮಾಡ್ತೀನಿ” ಅಂದರು.