ಮರಳಿ ಬಂದ ಕಡತ

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕಛೇರಿಯಿಂದ ಕಾಗದ ಮರಳಿತೆಂದರೆ ಸೋತೆವೆಂದೇ ನಮ್ಮವರ ಎಣಿಕೆ. ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರದ ಪದ್ಧತಿಯನ್ನು ಓದಿದಾಗ ಬೇರೊಂದು ಅರ್ಥ ಹೊಳೆಯಿತು.

ಅಲ್ಲಿ ಮೇಲ್ಮನವಿ ಮಂಡಲಿಯು ಹೆಚ್ಚಿನ ಪುರಾವೆಗಾಗಿ ಕಡತವನ್ನು ಮರಳಿಸಿದರೆ ಅದು ತಿರಸ್ಕಾರವಲ್ಲ. ಕಡತ ಹೋಗುವುದು ಸೈನಿಕನ ಮನೆಗಲ್ಲ, ಇಲಾಖೆಗೆ. ಸೇವಾದಾಖಲೆ ತರಿಸಲು ಯತ್ನಿಸುವುದು, ಬೇನೆಗೂ ಸೇವೆಗೂ ನಂಟುಂಟೇ ಎಂದು ಅಗತ್ಯವಿದ್ದಲ್ಲಿ ವೈದ್ಯರನ್ನು ಕೇಳುವುದು ಇಲಾಖೆಯ ಹೊಣೆ. 2000ದ ಕಾಯಿದೆಯೊಂದು ಇದನ್ನು ವಿಧಿಸಿದೆ.

1973ರಲ್ಲಿ ಸೇಂಟ್ ಲೂಯಿಸ್ ಬಳಿಯ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು ಸುಮಾರು 1.6ರಿಂದ 1.8 ಕೋಟಿ ಕಡತಗಳು ನಾಶವಾದವು. ಸುಟ್ಟ ಕಾಗದವನ್ನು ಸೈನಿಕನು ಎಲ್ಲಿಂದ ತಂದಾನು? ಆಗ ಇಲಾಖೆ ಬೇರೆ ಪುರಾವೆ ಹುಡುಕಬೇಕು. ಸಾಕ್ಷ್ಯ ಸಮತೂಕವಾದರೆ ಸಂಶಯದ ಲಾಭ ಸೈನಿಕನಿಗೇ.

ಆದರೆ ಕಡತ ಅಲೆಯುವಷ್ಟು ಕಾಲ ಮುದುಕರ ಆಯುಷ್ಯ ಕಾಯುವುದಿಲ್ಲ.